ಡಿಎನ್‌ಎ ಅಕ್ಷರ ಓದುವ ಪ್ರೋಟೀನು ರಂಧ್ರ

ಕಮಲ, ನಗರ, ಸರಳ, ಪದಕ. ಇವು ಮೂರು ಮೂರು ಅಕ್ಷರಗಳ ನಾಲ್ಕು ಪದಗಳು. ಇವನ್ನು ನಡುವೆ ಜಾಗ ಬಿಡದೆ ಒಂದೇ ಸಾಲಿನಲ್ಲಿ ಬರೆಯಿರಿ: ಕಮಲನಗರಸರಳಪದಕ. ಈಗ 'ಮ' ಅಕ್ಷರವೊಂದನ್ನು ಮಾತ್ರ ಅಳಿಸಿ, ಮತ್ತೆ ಮೂರು ಮೂರಾಗಿ ಒಡೆಯಿರಿ. ಸಿಗುವುದು ಕಲನ, ಗರಸ, ರಳಪ, ದಕ. ಮೊದಲನೆಯದು ಗಣಿತದವರಿಗೆ ಪರಿಚಿತವಾದ ಬೇರೆಯೇ ಪದ. ಉಳಿದವಕ್ಕೆ ಅರ್ಥವೇ ಇಲ್ಲ. ಅದೇ 'ಮ' ಇರಬೇಕಾದಲ್ಲಿ ತಪ್ಪಾಗಿ 'ಪ' ಎಂದು ಬರೆದಿದ್ದರೆ ಮೊದಲ ಪದ ಮಾತ್ರ ಕೆಡುತ್ತಿತ್ತು, ಮುಂದಿನ ಮೂರು ಉಳಿಯುತ್ತಿದ್ದವು.

ಜೀವಕೋಶವು ಡಿಎನ್‌ಎಯಲ್ಲಿರುವ ಸಂದೇಶವನ್ನು ಬಳಸುವುದೂ ಹೀಗೆಯೇ. ಅಡಿನೀನ್, ಥೈಮೀನ್, ಗ್ವಾನೀನ್, ಸೈಟೊಸೀನ್ ಎಂಬ ನಾಲ್ಕು ಪ್ರತ್ಯಾಮ್ಲಗಳೇ ಅದರ ಅಕ್ಷರಗಳು. ಅವನ್ನು ಎ, ಟಿ, ಜಿ, ಸಿ ಎಂದು ಗುರುತಿಸುತ್ತೇವೆ. ಪ್ರೋಟೀನಿನ ಸಂದೇಶವಿರುವ ಭಾಗದಲ್ಲಿ ಮೂರು ಅಕ್ಷರಗಳು ಸೇರಿ ಒಂದು ಅಮೈನೊ ಆಮ್ಲವನ್ನು ಸೂಚಿಸುತ್ತವೆ. ಆದ್ದರಿಂದ ಡಿಎನ್‌ಎಯ ಅನುಕ್ರಮವನ್ನು ನಿರ್ಣಯಿಸುವ ಯಂತ್ರ ಒಂದಕ್ಷರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟರೆ, ಸರಿಯಾಗಿಯೇ ಇರುವ ಜೀನ್ ಕೆಟ್ಟುಹೋಗಿದೆ ಎಂಬ ತೀರ್ಮಾನಕ್ಕೆ ನಾವು ಬಂದುಬಿಡುತ್ತೇವೆ. ನ್ಯಾನೊರಂಧ್ರದ ಮೂಲಕ ಡಿಎನ್‌ಎ ಓದುವ ವಿಧಾನಕ್ಕೆ ಬಹುಕಾಲ ಇದ್ದ ದೌರ್ಬಲ್ಯ ಇದೇ. ಅದು ಅಕ್ಷರಗಳನ್ನು ನುಂಗುತ್ತಿತ್ತು. ಗಣಕದ ಕ್ರಮವಿಧಿಗಳನ್ನು ಎಷ್ಟು ಸುಧಾರಿಸಿದರೂ ಈ ದೋಷದ ಒಂದು ಭಾಗ ಹೋಗಲಿಲ್ಲ. ಅದಕ್ಕೆ ರಂಧ್ರವಾಗಿ ಬಳಸುವ ಪ್ರೋಟೀನನ್ನೇ ತಿದ್ದಬೇಕಾಯಿತು. ಹೇಗೆ ಎಂಬುದನ್ನು ನೋಡೋಣ.

ತೂತಿನಲ್ಲಿ ತೂರಿಸುವ ಉಪಾಯ

ರಕ್ತಪರೀಕ್ಷೆಯ ಪ್ರಯೋಗಾಲಯಗಳಲ್ಲಿ ರಕ್ತಕಣಗಳನ್ನು ಎಣಿಸುವ ಯಂತ್ರವಿರುತ್ತದೆ. ಅದರ ಮೂಲತತ್ತ್ವಕ್ಕೆ ಅಮೆರಿಕದ ವ್ಯಾಲೇಸ್ ಕೂಲ್ಟರ್ 1953ರಲ್ಲಿ ಪೇಟೆಂಟ್ ಪಡೆದರು. ಲವಣದ ದ್ರಾವಣವಿರುವ ಎರಡು ಕೋಣೆಗಳು, ನಡುವಿನ ಗೋಡೆಯಲ್ಲಿ ಒಂದು ಸಣ್ಣ ತೂತು. ಎರಡೂ ಕಡೆ ವಿದ್ಯುದ್ವಾರಗಳನ್ನಿಟ್ಟರೆ ತೂತಿನ ಮೂಲಕ ಅಯಾನುಗಳು ಹರಿದು ವಿದ್ಯುತ್ ಪ್ರವಾಹ ಉಂಟಾಗುತ್ತದೆ. ರಕ್ತಕಣವೊಂದು ತೂತಿನೊಳಗೆ ಬಂದಾಗ ಅಯಾನುಗಳ ದಾರಿಗೆ ಅಡ್ಡವಾಗಿ ಪ್ರವಾಹ ಕ್ಷಣಕಾಲ ತಗ್ಗುತ್ತದೆ. ತಗ್ಗಿದಷ್ಟು ಸಲವನ್ನು ಎಣಿಸಿದರಾಯಿತು. ತಗ್ಗಿನ ಆಳದಿಂದ ಕಣದ ಗಾತ್ರವೂ ತಿಳಿಯುತ್ತದೆ.

ತೂತನ್ನು ಡಿಎನ್‌ಎಯ ಒಂದು ಎಳೆ ಮಾತ್ರ ತೂರುವಷ್ಟು ಕಿರಿದಾಗಿಸಿದರೆ? ಕ್ಯಾಲಿಫೋರ್ನಿಯದ ಜೀವಭೌತವಿಜ್ಞಾನಿ ಡೇವಿಡ್ ಡೀಮರ್ 1989ರ ಜೂನ್‌ನಲ್ಲಿ ಆರೆಗಾನ್ ಪ್ರಾಂತ್ಯದಲ್ಲಿ ಕಾರು ಓಡಿಸುತ್ತಿದ್ದಾಗ ಈ ಯೋಚನೆ ಹೊಳೆಯಿತು. ಅದನ್ನು ಚಿತ್ರಸಮೇತ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರು. ಡಿಎನ್‌ಎಯ ಬೆನ್ನೆಲುಬಿನಲ್ಲಿ ಫಾಸ್ಫೇಟ್ ಗುಂಪುಗಳಿರುವುದರಿಂದ ಅದಕ್ಕೆ ಋಣ ಆವೇಶವಿದೆ. ಧನ ವಿದ್ಯುದ್ವಾರ ಅದನ್ನು ತಾನಾಗಿ ಎಳೆದುಕೊಳ್ಳುತ್ತದೆ. ನಾಲ್ಕು ಪ್ರತ್ಯಾಮ್ಲಗಳ ಗಾತ್ರ, ಆಕಾರ ಬೇರೆ ಬೇರೆ. ಒಂದೊಂದೂ ತೂರುವಾಗ ಪ್ರವಾಹ ಬೇರೆ ಬೇರೆ ಮಟ್ಟಕ್ಕೆ ಇಳಿಯಬೇಕು. ಹಾಗಾದರೆ ಆ ಮಟ್ಟಗಳನ್ನು ನೋಡಿಯೇ ಅಕ್ಷರಗಳನ್ನು ಹೇಳಬಹುದು.

ಅಷ್ಟು ಕಿರಿದಾದ, ಪ್ರತಿಸಲವೂ ಒಂದೇ ಅಳತೆಯ ತೂತನ್ನು ಕೊರೆಯುವ ಸಾಧನ ಆಗ ಇರಲಿಲ್ಲ. ಆದರೆ ಬ್ಯಾಕ್ಟೀರಿಯಗಳ ಬಳಿ ಇತ್ತು! ಕುರು, ಕೀವುಗಳಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ ಆಲ್ಫಾ-ಹೀಮೊಲೈಸಿನ್ ಎಂಬ ವಿಷವನ್ನು ಸ್ರವಿಸುತ್ತದೆ. ಈ ಪ್ರೋಟೀನಿನ ಏಳು ಅಣುಗಳು ಕೂಡಿಕೊಂಡು ರಕ್ತಕಣದ ಪೊರೆಯಲ್ಲಿ ಅಣಬೆಯ ಆಕಾರದ ಕೊಳವೆಯಾಗಿ ನಾಟಿಕೊಳ್ಳುತ್ತವೆ. ಕೊಳವೆಯ ಅತಿ ಕಿರಿದಾದ ಭಾಗದ ವ್ಯಾಸ ಸುಮಾರು 1.4 ನ್ಯಾನೊಮೀಟರ್. ಕಣ ಒಡೆಯಲು ಮಾಡಿದ ಆಯುಧವನ್ನೇ ಅಳತೆಯ ಉಪಕರಣವನ್ನಾಗಿ ಮಾಡಿಕೊಂಡು ಜಾನ್ ಕ್ಯಾಸಿಯಾನೊವಿಚ್, ಎರಿಕ್ ಬ್ರಾಂಡಿನ್, ಡೇನಿಯಲ್ ಬ್ರ್ಯಾಂಟನ್ ಮತ್ತು ಡೀಮರ್ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಳೆಗಳು ತೂರುತ್ತಿದ್ದವು, ಪ್ರವಾಹ ತಗ್ಗುತ್ತಿತ್ತು, ಎಳೆ ಉದ್ದವಾದಷ್ಟೂ ತಗ್ಗಿನ ಅವಧಿ ಹೆಚ್ಚುತ್ತಿತ್ತು. ಅಂದು ಮುಖ್ಯವಾಗಿ ಬಳಸಿದ ಎಳೆ ಡಿಎನ್‌ಎ ಅಲ್ಲ, ಯುರಾಸಿಲ್ ಒಂದೇ ಅಕ್ಷರ ಪುನರಾವರ್ತಿಸುವ ಆರ್‌ಎನ್‌ಎ ಎಂಬುದನ್ನು ನೆನಪಿಡಿ. ಒಂದೇ ಅಕ್ಷರದ ಸರಣಿ ಮುಂದೆ ತೊಂದರೆ ಕೊಡಲಿದೆ.

ಅಕ್ಷರಕ್ಕೆ 125 ಅಯಾನು

ಎಳೆ ತೂರಿತು ಎಂದು ತಿಳಿಯುವುದು ಸುಲಭ. ಅಕ್ಷರ ಯಾವುದು ಎಂದು ತಿಳಿಯುವುದು ಬೇರೆಯೇ ಮಾತು. ಏಕೆ ಎಂಬುದನ್ನು ಪದವಿಪೂರ್ವ ವಿದ್ಯಾರ್ಥಿಗಳೂ ಲೆಕ್ಕ ಹಾಕಬಹುದು. 120 ಮಿಲಿವೋಲ್ಟ್ ವಿಭವಾಂತರದಲ್ಲಿ, ಒಂದು ಮೋಲಾರ್ ಪೊಟ್ಯಾಸಿಯಮ್ ಕ್ಲೋರೈಡ್ ದ್ರಾವಣದಲ್ಲಿ, ತೆರೆದ ಹೀಮೊಲೈಸಿನ್ ರಂಧ್ರದ ಪ್ರವಾಹ ಸುಮಾರು 120 ಪಿಕೊಆಂಪಿಯರ್. ಒಂದು ಅಯಾನಿನ ಆವೇಶ 1.6 × 10⁻¹⁹ ಕೂಲಂಬ್ ಎಂದು ಹಿಡಿದು ಭಾಗಿಸಿದರೆ ಸೆಕೆಂಡಿಗೆ 75 ಕೋಟಿ ಅಯಾನುಗಳು. ದೊಡ್ಡ ಸಂಖ್ಯೆ ಎನಿಸುತ್ತದೆ. ಎಳೆ ಒಳಗಿರುವಾಗ ಪ್ರವಾಹ ಸುಮಾರು 20 ಪಿಕೊಆಂಪಿಯರಿಗೆ ಇಳಿದರೆ ಇದು 12.5 ಕೋಟಿ. ಆದರೆ ಎಳೆ ತನ್ನಷ್ಟಕ್ಕೆ ತೂರುವಾಗ ಒಂದು ಅಕ್ಷರಕ್ಕೆ ಸಿಗುವ ಸಮಯ ಕೆಲವೇ ಮೈಕ್ರೊಸೆಕೆಂಡು. ಒಂದು ಮೈಕ್ರೊಸೆಕೆಂಡಿನಲ್ಲಿ ಹರಿಯುವ ಅಯಾನುಗಳು 125 ಮಾತ್ರ.

ಇಂಥ ಯಾದೃಚ್ಛಿಕ ಹರಿವಿನಲ್ಲಿ ಸಂಖ್ಯೆಯ ವರ್ಗಮೂಲದಷ್ಟು ಏರುಪೇರು ಸಹಜ. 125ರ ವರ್ಗಮೂಲ ಸುಮಾರು 11. ಅಂದರೆ ಶೇಕಡ 9ರಷ್ಟು ಅನಿಶ್ಚಿತತೆ. ಅಕ್ಷರ ಅಕ್ಷರಗಳ ನಡುವಿನ ವ್ಯತ್ಯಾಸವೇ ಕೆಲವು ಪಿಕೊಆಂಪಿಯರ್ ಆಗಿರುವಾಗ, ಇದರ ಮೇಲೆ ವರ್ಧಕದ ಗದ್ದಲವೂ ಸೇರಿದರೆ ಓದುವುದು ಸಾಧ್ಯವೇ ಇಲ್ಲ. ಪ್ರತಿ ಅಕ್ಷರವೂ 2.5 ಮಿಲಿಸೆಕೆಂಡು ನಿಂತರೆ? ಆಗ ಹರಿಯುವ ಅಯಾನುಗಳು 3 ಲಕ್ಷಕ್ಕೂ ಹೆಚ್ಚು, ಏರುಪೇರು ಶೇಕಡ 0.2ಕ್ಕೂ ಕಡಿಮೆ.

ಎಳೆಯನ್ನು ಹಿಡಿದು ಹಂತ ಹಂತವಾಗಿ ಬಿಡುವ ಕೆಲಸಕ್ಕೂ ಜೀವಕೋಶದಿಂದಲೇ ಸಹಾಯ ಬಂತು. ಫೈ29 ಎಂಬ ವೈರಸ್ಸಿನ ಡಿಎನ್‌ಎ ಪಾಲಿಮರೇಸ್ ಕಿಣ್ವವನ್ನು ರಂಧ್ರದ ಬಾಯಲ್ಲಿ ಕೂರಿಸಿ ಎಳೆಯನ್ನು ಒಂದೊಂದೇ ಅಕ್ಷರ ಸರಿಸಬಹುದೆಂದು 2012ರಲ್ಲಿ ಪ್ರಕಟವಾದ ಎರಡು ಪ್ರಬಂಧಗಳು ತೋರಿಸಿದವು. ಒಂದು ಸಾಂತಾಕ್ರೂಜ್‌ನ ಮಾರ್ಕ್ ಏಕ್ಸನ್ ತಂಡದ್ದು, ಇನ್ನೊಂದು ಸಿಯಾಟಲ್‌ನ ಯೆನ್ಸ್ ಗುಂಡ್ಲಾಕ್ ತಂಡದ್ದು. ಈಗಿನ ಉಪಕರಣಗಳಲ್ಲಿ ಡಿಎನ್‌ಎಯ ಜೋಡಿ ಎಳೆಗಳನ್ನು ಬಿಡಿಸುವ ಹೆಲಿಕೇಸ್ ಕಿಣ್ವ ಈ ಕೆಲಸ ಮಾಡುತ್ತದೆ. ಎಟಿಪಿ ಇಂಧನದಿಂದ ನಡೆಯುವ ಅದರ ವೇಗ ಸೆಕೆಂಡಿಗೆ ಸುಮಾರು 400 ಅಕ್ಷರ. ಮೇಲಿನ 2.5 ಮಿಲಿಸೆಕೆಂಡು ಬಂದದ್ದು ಅಲ್ಲಿಂದಲೇ. ಆದರೆ ಈ ಕಿಣ್ವ ಗಡಿಯಾರದಂತೆ ನಡೆಯುವುದಿಲ್ಲ. ಒಂದು ಹೆಜ್ಜೆ ಬೇಗ, ಇನ್ನೊಂದು ತಡ. 2.5 ಎಂಬುದು ಸರಾಸರಿ ಅಷ್ಟೇ.

ಕಂಠ ತಿದ್ದಿದ ಕಥೆ

ವೇಗ ತಗ್ಗಿದರೂ ಇನ್ನೊಂದು ಅಡ್ಡಿ ಉಳಿಯಿತು. ಹೀಮೊಲೈಸಿನ್ ಕೊಳವೆಯ ಕಾಲು ಸುಮಾರು 5 ನ್ಯಾನೊಮೀಟರ್ ಉದ್ದ. ಅದರೊಳಗೆ ಏಕಕಾಲದಲ್ಲಿ ಹತ್ತರಷ್ಟು ಅಕ್ಷರಗಳಿರುತ್ತವೆ. ಆಕ್ಸ್‌ಫರ್ಡ್‌ನ ಹೇಗನ್ ಬೇಲಿ ಈ ಪ್ರೋಟೀನನ್ನು ತಿದ್ದುವುದರಲ್ಲಿ ವರ್ಷಗಟ್ಟಲೆ ದುಡಿದವರು. ಕೊಳವೆಯೊಳಗೆ ಅಕ್ಷರಗಳ ಪ್ರಭಾವ ಬೀಳುವ ಜಾಗ ಒಂದಲ್ಲ, ಮೂರು ಎಂದು ಅವರ ತಂಡ 2009ರಲ್ಲಿ ತೋರಿಸಿತು. ಮೂರು ಕಡೆಯಿಂದ ಬಂದ ಸುದ್ದಿ ಕಲಸಿ ಒಂದೇ ಪ್ರವಾಹವಾಗಿ ಸಿಗುತ್ತದೆ.

ಗುಂಡ್ಲಾಕ್ ಬೇರೆ ರಂಧ್ರವನ್ನು ಹುಡುಕಿದರು. ಇವರು ಮೂಲತಃ ಭೌತವಿಜ್ಞಾನಿ. ಗುರುತ್ವ ಸ್ಥಿರಾಂಕವನ್ನು ಅತ್ಯಂತ ನಿಖರವಾಗಿ ಅಳೆದು 2000ದಲ್ಲಿ ಹೆಸರಾದವರು. ಅಳತೆಯ ಉಪಕರಣ ಹೇಗಿರಬೇಕೆಂಬ ಅವರ ಹಟ ಇಲ್ಲಿಯೂ ಕೆಲಸಕ್ಕೆ ಬಂತೆಂದು ನನಗನಿಸುತ್ತದೆ. ಅವರು ಅಲಬಾಮದ ಮೈಕೆಲ್ ನೀಡರ್‌ವೈಸ್ ಜೊತೆಗೂಡಿ ಆರಿಸಿಕೊಂಡದ್ದು ಮೈಕೊಬ್ಯಾಕ್ಟೀರಿಯಮ್ ಸ್ಮೆಗ್ಮಾಟಿಸ್ ಎಂಬ ಬ್ಯಾಕ್ಟೀರಿಯದ ಹೊರಪೊರೆಯ ಎಂಎಸ್‌ಪಿಎ ಪ್ರೋಟೀನು. ಎಂಟು ಘಟಕಗಳ ಈ ರಂಧ್ರ ಆಲಿಕೆಯ ಆಕಾರದ್ದು. ಅದರ ಕಂಠದ ಅಗಲ ಸುಮಾರು 1.2 ನ್ಯಾನೊಮೀಟರ್, ಉದ್ದ ಕೇವಲ 0.6 ನ್ಯಾನೊಮೀಟರ್. ಓದುವ ಕಿಂಡಿ ಕಿರಿದಾದಷ್ಟೂ ಅಕ್ಷರಗಳ ಕಲಬೆರಕೆ ಕಡಿಮೆ.

ಆದರೆ ಸಹಜ ಸ್ಥಿತಿಯ ಎಂಎಸ್‌ಪಿಎ ರಂಧ್ರದ ಮೂಲಕ ಡಿಎನ್‌ಎ ತೂರಲೇ ಇಲ್ಲ. ಕಂಠದ ಸುತ್ತ 90, 91 ಮತ್ತು 93ನೇ ಸ್ಥಾನಗಳಲ್ಲಿ ಆಸ್ಪಾರ್ಟಿಕ್ ಆಮ್ಲವಿದೆ. ಅದರ ಆವೇಶ ಋಣ, ಡಿಎನ್‌ಎಯದೂ ಋಣ. ಒಂದು ಘಟಕಕ್ಕೆ ಮೂರರಂತೆ ಎಂಟು ಘಟಕಗಳಿಗೆ 24 ಋಣ ಆವೇಶಗಳು ಬಾಗಿಲಲ್ಲಿ ಕಾವಲು ನಿಂತಿದ್ದವು. ಈ ಮೂರೂ ಕಡೆ ಆಸ್ಪಾರ್ಟಿಕ್ ಆಮ್ಲದ ಬದಲು ಆವೇಶವಿಲ್ಲದ ಆಸ್ಪರಾಜೀನ್ ಇರಿಸಲಾಯಿತು. ಎರಡರ ಗಾತ್ರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕಂಠದ ಆಕಾರ ಕೆಡಲಿಲ್ಲ. ಮೇಲಿನ ಅಗಲವಾದ ಭಾಗದಲ್ಲಿ, 118, 134 ಮತ್ತು 139ನೇ ಸ್ಥಾನಗಳಲ್ಲಿ, ಋಣ ಆವೇಶದ ಬದಲು ಧನ ಆವೇಶದ ಅಮೈನೊ ಆಮ್ಲಗಳನ್ನು ಇರಿಸಿದಾಗ ಡಿಎನ್‌ಎ ಎಳೆಗಳು ಇನ್ನೂ ಸುಲಭವಾಗಿ ಒಳಬಂದವು. 2008ರಲ್ಲಿ ಇದು ಪ್ರಕಟವಾಯಿತು.

ಶಿಕ್ಷಕರು ಇಲ್ಲೊಂದು ಸೊಗಸನ್ನು ತರಗತಿಯಲ್ಲಿ ತೋರಿಸಬಹುದು. ಪಠ್ಯಪುಸ್ತಕದ ಜೀನ್ ಸಂಕೇತಪಟ್ಟಿಯನ್ನು ತೆರೆಯಿರಿ. ಆಸ್ಪಾರ್ಟಿಕ್ ಆಮ್ಲಕ್ಕೆ ಡಿಎನ್‌ಎ ಸಂಕೇತ ಜಿಎಸಿ ಅಥವಾ ಜಿಎಟಿ. ಆಸ್ಪರಾಜೀನ್‌ಗೆ ಎಎಸಿ ಅಥವಾ ಎಎಟಿ. ಮೊದಲ ಅಕ್ಷರವೊಂದನ್ನು ಬದಲಿಸಿದರೆ ಸಾಕು. ಹೀಗೆ ಜೀನ್‌ನಲ್ಲಿ ಬೇಕಾದ ಅಕ್ಷರವನ್ನು ಬೇಕಾದ ಕಡೆ ಬದಲಿಸುವ ತಂತ್ರವನ್ನು ರೂಪಿಸಿದ ಮೈಕೆಲ್ ಸ್ಮಿತ್ ಅವರಿಗೆ 1993ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಎಂಟೂ ಘಟಕಗಳು ಒಂದೇ ಜೀನ್‌ನಿಂದ ತಯಾರಾಗುವುದರಿಂದ ಜೀನ್‌ನಲ್ಲಿ ಮಾಡಿದ ಒಂದು ತಿದ್ದುಪಡಿ ರಂಧ್ರದಲ್ಲಿ ಎಂಟು ಕಡೆ ಮೂಡುತ್ತದೆ. ಡಿಎನ್‌ಎಯ ಅಕ್ಷರವನ್ನು ತಿದ್ದಿ, ಡಿಎನ್‌ಎಯ ಅಕ್ಷರವನ್ನು ಓದುವ ಸಾಧನ ಪಡೆದಂತಾಯಿತು.

ತಿದ್ದಿದ ಎಂಎಸ್‌ಪಿಎಯಲ್ಲಿಯೂ ಪ್ರವಾಹವನ್ನು ನಿರ್ಧರಿಸುವುದು ಒಂದಕ್ಷರವಲ್ಲ, ಸುಮಾರು ನಾಲ್ಕು. ನಾಲ್ಕು ಅಕ್ಷರಗಳ ಸಂಯೋಜನೆಗಳು 4⁴, ಅಂದರೆ 256. ಐದಾದರೆ 1024. ಎಳೆ ಒಂದು ಹೆಜ್ಜೆ ಸರಿದಾಗ ಕಿಂಡಿಯಿಂದ ಒಂದಕ್ಷರ ಹೊರಹೋಗಿ ಇನ್ನೊಂದು ಒಳಬರುತ್ತದೆ. ಹೀಗಾಗಿ ಪ್ರತಿ ಅಕ್ಷರವೂ ನಾಲ್ಕೈದು ಮಟ್ಟಗಳಲ್ಲಿ ತನ್ನ ಗುರುತು ಬಿಡುತ್ತದೆ. ಒಂದಕ್ಕೊಂದು ಹೆಣೆದುಕೊಂಡ ಈ ಮಟ್ಟಗಳಿಂದ ಅಕ್ಷರಗಳನ್ನು ಬಿಡಿಸಿ ತೆಗೆಯುವುದು ಗಣಕದ ಕೆಲಸ. ಮಾತನ್ನು ಕೇಳಿ ಬರಹಕ್ಕಿಳಿಸುವ ಗಣಕವಿಧಾನಗಳ ನೆಂಟನಾದ ನರಜಾಲವನ್ನು ಇದಕ್ಕೆ ಬಳಸುತ್ತಾರೆ.

ಒಂದೇ ಅಕ್ಷರದ ಸರಣಿ

2005ರಲ್ಲಿ ಬೇಲಿ ಮತ್ತಿತರರು ಸ್ಥಾಪಿಸಿದ ಆಕ್ಸ್‌ಫರ್ಡ್ ನ್ಯಾನೊಪೋರ್ ಸಂಸ್ಥೆ 2014ರಲ್ಲಿ ಮಿನ್‌ಅಯಾನ್ ಎಂಬ, ಅಂಗೈಯಲ್ಲಿ ಹಿಡಿಯಬಹುದಾದ ಉಪಕರಣವನ್ನು ಪ್ರಯೋಗಾಲಯಗಳಿಗೆ ಕೊಡಲಾರಂಭಿಸಿತು. 2015ರಲ್ಲಿ ಎಬೋಲಾ ಹರಡಿದ್ದ ಗಿನಿ ದೇಶಕ್ಕೆ ಅದನ್ನು ವಿಮಾನದ ಸಾಮಾನಿನಲ್ಲಿ ಒಯ್ದು, ರೋಗಿಗಳ 142 ಮಾದರಿಗಳ ವೈರಸ್ ಅನುಕ್ರಮವನ್ನು ಅಲ್ಲಿಯೇ ಓದಲಾಯಿತು. ಮಾದರಿ ಕೈಸೇರಿದ 24 ಗಂಟೆಗಳ ಒಳಗೆ ಫಲಿತಾಂಶ ಪಡೆಯಲು ಸಾಧ್ಯವಾಯಿತು. ಅಂದಿನ ಓದಿನಲ್ಲಿ ತಪ್ಪುಗಳು ಹೇರಳ. ಆದರೆ ವೈರಸ್ಸಿನ ಜೀನೋಮ್ ಸುಮಾರು 19 ಸಾವಿರ ಅಕ್ಷರಗಳಷ್ಟು ಚಿಕ್ಕದು. ಒಂದೊಂದು ಜಾಗವನ್ನೂ ಹಲವು ಸಲ ಓದಿ ಬಹುಮತ ಹಿಡಿಯಬಹುದು.

ಬಹುಮತಕ್ಕೂ ಒಂದು ಮಿತಿಯಿದೆ. ಹತ್ತು ಓದಿನಲ್ಲಿ ಒಮ್ಮೆ, ಅದೂ ಬೇರೆ ಬೇರೆ ಜಾಗದಲ್ಲಿ ತಪ್ಪುವ ವಾಚಕರು 30 ಜನ ಒಂದೇ ಪುಟ ಓದಿದರೆ ಸರಿಯಾದ ಪಾಠ ಸಿಗುತ್ತದೆ. ಆದರೆ ಸಾಲಾಗಿ ಎಂಟು 'ಎ' ಇದ್ದಲ್ಲೆಲ್ಲ ಎಲ್ಲ ವಾಚಕರೂ ಏಳೆಂದೇ ಓದಿದರೆ? 30ರ ಬದಲು 300 ಜನ ಓದಿದರೂ ಉತ್ತರ ಏಳೇ. ಮೊದಲನೆಯದು ಯಾದೃಚ್ಛಿಕ ತಪ್ಪು, ಎರಡನೆಯದು ವ್ಯವಸ್ಥಿತ ತಪ್ಪು. ನ್ಯಾನೊರಂಧ್ರದಿಂದ ಮಾತ್ರ ಓದಿದ ಬ್ಯಾಕ್ಟೀರಿಯ ಜೀನೋಮ್‌ಗಳಲ್ಲಿ, ಆರೋಗ್ಯವಾಗಿರುವ ಎಷ್ಟೋ ಜೀನ್‌ಗಳು ನಡುವೆ ಮುರಿದಂತೆ ಕಾಣುತ್ತಿದ್ದುದು ಈ ಎರಡನೆಯ ಬಗೆಯ ತಪ್ಪಿನಿಂದ. ಅದನ್ನು ತಿದ್ದಲು ಅದೇ ಮಾದರಿಯನ್ನು ಚಿಕ್ಕ ತುಣುಕು ಓದುವ ಬೇರೆ ಯಂತ್ರದಲ್ಲಿ ಮತ್ತೆ ಓದಿಸಬೇಕಾಗಿತ್ತು. ಖರ್ಚು ಇಮ್ಮಡಿ.

ತಪ್ಪಿನ ಕಾರಣವನ್ನು ಒಂದು ಅಂಚೆ ಕಾರ್ಡಿನಿಂದ ತೋರಿಸಬಹುದು. ಚೌಕಳಿ ಕಾಗದದ ಮೇಲೆ ಮನೆಗೊಂದರಂತೆ ಅಕ್ಷರಗಳನ್ನು ಬರೆಯಿರಿ: ಮೊದಲು ಬೇರೆ ಬೇರೆ ಅಕ್ಷರಗಳು, ಆಮೇಲೆ ಸಾಲಾಗಿ ಎಂಟು 'ಲ', ಮತ್ತೆ ಬೇರೆ ಬೇರೆ ಅಕ್ಷರಗಳು. ಕಾರ್ಡಿನಲ್ಲಿ ಐದು ಮನೆ ಕಾಣುವಷ್ಟು ಕಿಂಡಿ ಕತ್ತರಿಸಿ. ಒಬ್ಬ ವಿದ್ಯಾರ್ಥಿ ಕಾರ್ಡನ್ನು ಒಂದೊಂದೇ ಮನೆ ಸರಿಸಲಿ, ಆದರೆ ಒಮ್ಮೆ ಬೇಗ, ಒಮ್ಮೆ ನಿಧಾನವಾಗಿ. ಇನ್ನೊಬ್ಬರು ಕಿಂಡಿಯನ್ನಷ್ಟೇ ನೋಡಿ 'ಲ' ಎಷ್ಟೆಂದು ಹೇಳಲಿ. ಕಿಂಡಿ ಪೂರ್ತಿ 'ಲ'ಗಳಿಂದ ತುಂಬಿದ ಮೇಲೆ ಮೂರು ಸಲ ಸರಿಸಿದರೂ ಕಾಣುವ ನೋಟ ಬದಲಾಗುವುದಿಲ್ಲ. ನೋಡುವವರಿಗೆ ಹೆಜ್ಜೆ ಎಣಿಸುವ ದಾರಿಯೇ ಇಲ್ಲ. ರಂಧ್ರದಲ್ಲಿ ಆಗುವುದೂ ಇದೇ. ಪ್ರವಾಹ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಸಮಯ ನೋಡಿ ಅಂದಾಜು ಮಾಡೋಣವೆಂದರೆ ಕಿಣ್ವದ ಹೆಜ್ಜೆಗಳು ಸಮವಾಗಿಲ್ಲ. ಸಂಕೇತದಲ್ಲಿ ಇಲ್ಲದ ಮಾಹಿತಿಯನ್ನು ಎಂಥ ಜಾಣ ಗಣಕವೂ ಕೊಡಲಾರದು.

ಈಗ ಅದೇ ಕಾರ್ಡಿನಲ್ಲಿ, ಮೊದಲ ಕಿಂಡಿಯಿಂದ ನಾಲ್ಕು ಮನೆ ಬಿಟ್ಟು, ಐದು ಮನೆಯ ಎರಡನೆಯ ಕಿಂಡಿ ಕತ್ತರಿಸಿ. ಒಂದು ಕಿಂಡಿಯಲ್ಲಿ 'ಲ'ಗಳೇ ತುಂಬಿರುವಾಗ ಇನ್ನೊಂದರಲ್ಲಿ ಬೇರೆ ಅಕ್ಷರಗಳು ಸರಿಯುತ್ತಿರುತ್ತವೆ. ಅವನ್ನು ನೋಡಿ ಹೆಜ್ಜೆ ಎಣಿಸಬಹುದು. 13 'ಲ'ಗಳ ತನಕ ಎರಡೂ ಕಿಂಡಿಗಳು ಒಟ್ಟಿಗೆ ಕುರುಡಾಗುವುದಿಲ್ಲ.

ನಿಜವಾದ ರಂಧ್ರದಲ್ಲಿ ಎರಡನೆಯ ಕಂಠವನ್ನು ಮಾಡಿದ್ದು ಹೀಗೆ. 2016ರಿಂದ ಬಳಕೆಗೆ ಬಂದ ರಂಧ್ರ ಈ. ಕೊಲೈ ಬ್ಯಾಕ್ಟೀರಿಯದ ಸಿಎಸ್‌ಜಿಜಿ ಎಂಬ ಪ್ರೋಟೀನಿನಿಂದ ರೂಪಿಸಿದ್ದು. ಬ್ಯಾಕ್ಟೀರಿಯಗಳು ಒಂದಕ್ಕೊಂದು ಅಂಟಿಕೊಂಡು ಪದರವಾಗಲು ಬೇಕಾದ ನಾರಿನ ಘಟಕಗಳನ್ನು ಕೋಶದಿಂದ ಹೊರಹಾಕುವ ಬಾಗಿಲು ಇದು. ಒಂಬತ್ತು ಘಟಕಗಳು, ನಡುವೆ ಒಂದು ಕಂಠ. ಬ್ಯಾಕ್ಟೀರಿಯದಲ್ಲಿ ಇದಕ್ಕೆ ಸಿಎಸ್‌ಜಿಎಫ್ ಎಂಬ ಜೊತೆಗಾರ ಪ್ರೋಟೀನು ಉಂಟು. ಬ್ರಸೆಲ್ಸ್‌ನ ಹಾನ್ ರೆಮೌಟ್ ತಂಡ ಮತ್ತು ಆಕ್ಸ್‌ಫರ್ಡ್ ನ್ಯಾನೊಪೋರ್ ವಿಜ್ಞಾನಿಗಳು ಇವೆರಡೂ ಕೂಡಿದ ರಚನೆಯನ್ನು ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸಿಎಸ್‌ಜಿಎಫ್‌ನ ತುದಿಯ 33 ಅಮೈನೊ ಆಮ್ಲಗಳು ಕೊಳವೆಯೊಳಗೆ ಇಳಿದು ಇನ್ನೊಂದು ಕಿರಿದಾದ ಉಂಗುರವಾಗಿರುವುದು ಕಂಡಿತು. ಅಂಥ 35 ಅಮೈನೊ ಆಮ್ಲಗಳ ತುಣುಕನ್ನಷ್ಟೇ ರಂಧ್ರಕ್ಕೆ ಜೋಡಿಸಿದರು. ಎರಡು ಕಂಠಗಳ ನಡುವಿನ ಅಂತರ ಸುಮಾರು 2.5 ನ್ಯಾನೊಮೀಟರ್. 2020ರಲ್ಲಿ ಪ್ರಕಟವಾದ ವರದಿಯಂತೆ, ಒಂಬತ್ತು ಅಕ್ಷರಗಳವರೆಗಿನ ಸರಣಿಗಳಲ್ಲಿ ಒಂದೇ ಓದಿನ ನಿಖರತೆ ಶೇಕಡ 25ರಿಂದ 70ರಷ್ಟು ಸುಧಾರಿಸಿತು. ಇದಕ್ಕೆ ಬೆಲೆಯೂ ಉಂಟು: ಎರಡು ಕಡೆಯ ಸುದ್ದಿ ಮತ್ತೆ ಕಲಸುತ್ತದೆ, ಮಟ್ಟಗಳ ಸಂಖ್ಯೆ ಹೆಚ್ಚುತ್ತದೆ. ಹೀಮೊಲೈಸಿನ್‌ನಲ್ಲಿ ಹಲವು ಗುರುತಿನ ಜಾಗಗಳಿರುವುದನ್ನು ತೊಡಕೆಂದು ಬಗೆದು ಒಂದೇ ಕಂಠದ ರಂಧ್ರ ಹುಡುಕಿದವರು ಮತ್ತೆ ಎರಡಕ್ಕೆ ಬಂದರು. ನಡುವೆ ಬದಲಾದದ್ದು ಕಲಸಿದ್ದನ್ನು ಬಿಡಿಸುವ ಗಣಕದ ಶಕ್ತಿ.

ಇದರ ಫಲ ಬೇಗನೆ ಕಂಡಿತು. ಎರಡು ಕಂಠದ ರಂಧ್ರದ ಸುಧಾರಿತ ರೂಪದಿಂದ, ಪ್ರತಿ ಜಾಗವನ್ನೂ ಸುಮಾರು 40 ಸಲ ಓದಿದರೆ, ಬೇರೆ ಯಂತ್ರದ ನೆರವಿಲ್ಲದೆಯೇ ಬ್ಯಾಕ್ಟೀರಿಯ ಜೀನೋಮನ್ನು ಬಹುತೇಕ ಪೂರ್ಣವಾಗಿ ಪಡೆಯಬಹುದೆಂದು ಡೆನ್ಮಾರ್ಕ್‌ನ ಆಲ್ಬೊರ್ಗ್ ವಿಶ್ವವಿದ್ಯಾಲಯದವರು 2022ರಲ್ಲಿ ತೋರಿಸಿದರು. ಒಂದೇ ಓದಿನಲ್ಲಿ ನೂರಕ್ಕೆ 99ರಷ್ಟು ಅಕ್ಷರಗಳು ಸರಿಯಾಗಿ ಬರುವುದು ಈಗ ಸಾಮಾನ್ಯ.

ಆರ್‌ಎನ್‌ಎ ಓದುವಾಗ

ಆರ್‌ಎನ್‌ಎಯನ್ನು ಓದಲು ಬೇರೆ ವಿಧಾನಗಳಲ್ಲಿ ಮೊದಲು ಅದನ್ನು ಡಿಎನ್‌ಎಗೆ ನಕಲಿಸಬೇಕು. ನಕಲಿಸುವಾಗ ಮೂಲದ ರಾಸಾಯನಿಕ ಗುರುತುಗಳು ಅಳಿಸಿಹೋಗುತ್ತವೆ. ಆರ್‌ಎನ್‌ಎಯ ಅಕ್ಷರಗಳ ಮೇಲೆ ಜೀವಕೋಶ ಮಾಡುವ ಇಂಥ 150ಕ್ಕೂ ಹೆಚ್ಚು ಬಗೆಯ ಮಾರ್ಪಾಡುಗಳು ತಿಳಿದಿವೆ. ನಮ್ಮ ಕೊಂಬುದೀರ್ಘಗಳನ್ನೆಲ್ಲ ಬಿಟ್ಟು ನಕಲು ಮಾಡಿದಂತೆ ಇದು. ನ್ಯಾನೊರಂಧ್ರದಲ್ಲಿ ಮೂಲ ಎಳೆಯೇ ತೂರುವುದರಿಂದ ಮಾರ್ಪಟ್ಟ ಅಕ್ಷರ ಪ್ರವಾಹದಲ್ಲಿ ತನ್ನದೇ ಗುರುತು ಬಿಡುತ್ತದೆ. ಹೀಗೆ ನೇರವಾಗಿ ಆರ್‌ಎನ್‌ಎ ಓದಿದ ವರದಿ 2018ರಲ್ಲಿ ಬಂತು.

ಆದರೆ ಆ ಗುರುತು ಗಣಕಕ್ಕೆ ಮೊದಲೇ ಪರಿಚಯವಿರಬೇಕು. ಇಲ್ಲದಿದ್ದರೆ ಮಾಹಿತಿಯೇ ತಪ್ಪಾಗಿಬಿಡುತ್ತದೆ. ಡಿಎನ್‌ಎಯಲ್ಲಿಯೂ ಈ ಅನುಭವ ಆಗಿದೆ. ಬ್ಯಾಕ್ಟೀರಿಯಗಳು ಕೆಲವು ಅಕ್ಷರಗಳಿಗೆ ಮೀಥೈಲ್ ಗುಂಪು ಸೇರಿಸುತ್ತವೆ. ಅದರ ಪರಿಚಯವಿಲ್ಲದ ಗಣಕ ಅಂಥ ಜಾಗಗಳಲ್ಲಿ ಪದೇ ಪದೇ ಒಂದೇ ತಪ್ಪು ಮಾಡುತ್ತಿತ್ತು. ಪರಿಚಯಿಸಿದ ಮೇಲೆ ಅದೇ ಮೀಥೈಲ್ ಗುಂಪನ್ನು ಪತ್ತೆಹಚ್ಚತೊಡಗಿತು.

ಡಿಎನ್‌ಎಗಾಗಿ ತಿದ್ದಿದ ರಂಧ್ರ ಆರ್‌ಎನ್‌ಎಗೆ ಚೆನ್ನಾಗಿ ಹೊಂದುವುದಿಲ್ಲ. ಸಕ್ಕರೆಯಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಾಗಿದೆ, ಎಳೆಯನ್ನು ನಡೆಸುವ ಕಿಣ್ವವೂ ಬೇರೆ. ಮೊದಲ ವರ್ಷಗಳಲ್ಲಿ ನೂರು ಅಕ್ಷರಗಳಲ್ಲಿ ಹತ್ತಕ್ಕೂ ಹೆಚ್ಚು ತಪ್ಪುತ್ತಿದ್ದವು. 2023ರಲ್ಲಿ ಆರ್‌ಎನ್‌ಎಗೆಂದೇ ತಿದ್ದಿದ ಪ್ರತ್ಯೇಕ ರಂಧ್ರ ಬಂತು. ಓದುವ ವೇಗ ಸೆಕೆಂಡಿಗೆ 70 ಅಕ್ಷರದಿಂದ 130ಕ್ಕೆ ಏರಿತು, ತಪ್ಪುಗಳು ಗಣನೀಯವಾಗಿ ಇಳಿದವು. ಆದರೂ ಡಿಎನ್‌ಎಯ ಮಟ್ಟವನ್ನು ಇದು ಮುಟ್ಟಿಲ್ಲ.

ಒಂದೇ ಅಕ್ಷರದ ಸರಣಿಯ ಹಳೆಯ ಸಮಸ್ಯೆಯೂ ಇಲ್ಲಿ ಮತ್ತೆ ಎದುರಾಗುತ್ತದೆ. ನಮ್ಮ ಕೋಶಗಳ ಹೆಚ್ಚಿನ ಸಂದೇಶವಾಹಕ ಆರ್‌ಎನ್‌ಎಗಳ ತುದಿಯಲ್ಲಿ 'ಎ' ಅಕ್ಷರಗಳ ಬಾಲವಿರುತ್ತದೆ, ಕೆಲವೊಮ್ಮೆ 200ರಷ್ಟು ಉದ್ದ. ಬಾಲ ಎಷ್ಟು ಉದ್ದವಿದೆ ಎಂಬುದು ಆ ಸಂದೇಶ ಎಷ್ಟು ಕಾಲ ಬಾಳುತ್ತದೆ ಎಂಬುದರ ಮೇಲೆ ಪ್ರಭಾವ ಬೀರುತ್ತದೆ. ಆರ್‌ಎನ್‌ಎ ಲಸಿಕೆ ತಯಾರಿಸುವವರೂ ಇದನ್ನು ಅಳೆಯಬೇಕು. ಇಷ್ಟು ಉದ್ದದ ಸರಣಿಗೆ ಎರಡು ಕಂಠಗಳು ಸಾಲುವುದಿಲ್ಲ. ಬಾಲ ತೂರುವಷ್ಟು ಹೊತ್ತು ಪ್ರವಾಹದ ಮಟ್ಟ ಬದಲಾಗದೆ ನಿಲ್ಲುತ್ತದೆ. ಆ ಅವಧಿಯನ್ನು ಅಳೆದು, ಅದೇ ಎಳೆಯ ಉಳಿದ ಭಾಗದಲ್ಲಿ ಕಿಣ್ವದ ಸರಾಸರಿ ವೇಗ ಎಷ್ಟಿತ್ತೆಂದು ನೋಡಿ ಗುಣಿಸುತ್ತಾರೆ. ಸಿಗುವುದು ಎಣಿಕೆಯಲ್ಲ, ಅಂದಾಜು.